ಒಂದು ಗುಳಿಗೆ ಕಡಿಮೆ

ನನ್ನ ಕೆಲಸ ಎಣಿಸುವುದು.
ಕುತೈಸಿಯ ಚರ್ಮದ ಆಸ್ಪತ್ರೆ, ಮೊದಲ ಮಹಡಿ; ಕಿಟಕಿಯಾಚೆ
ರಿಯೋನಿ ನದಿ ತನ್ನ ಬಿಳಿ ಕಲ್ಲುಗಳನ್ನು ಉಜ್ಜುತ್ತಲೇ ಇರುತ್ತದೆ.
ಮೂರು ಡಬ್ಬಿ: ಆನ್, ಬಾನ್, ಗಾನ್.
ಒಂದರಲ್ಲಿ ವೈರಸ್ಸಿನ ಮದ್ದು, ಒಂದರಲ್ಲಿ ಆಂಟಿಬಯೋಟಿಕ್,
ಒಂದರಲ್ಲಿ ಏನೂ ಇಲ್ಲ.
ಯಾವುದು ಯಾವುದೆಂದು ನನಗೂ ತಿಳಿಸಿಲ್ಲ;
ತಿಳಿದರೆ ಕಣ್ಣು ಸುಳ್ಳು ಎಣಿಸುತ್ತದಂತೆ.

ಉಶಂಗಿಗೆ ಹತ್ತೊಂಬತ್ತು. ಕುಸ್ತಿ ಹುಡುಗ, ಮುದುಡಿದ ಕಿವಿ.
ಮೊದಲು ಹೊಟ್ಟೆಯ ಮೇಲೆ ಒಂದೇ ಮಚ್ಚೆ, ನಾಣ್ಯದಷ್ಟು.
ವಾರ ಕಳೆಯುವುದರಲ್ಲಿ ಅದರ ಮರಿಗಳು
ಪಕ್ಕೆಲುಬಿನ ಜಾಡು ಹಿಡಿದು ಓರೆಯಾಗಿ ಇಳಿದು
ಬೆನ್ನ ತುಂಬ ಕೊಂಬೆ ಚಾಚಿದವು.
ಅಂಟುವುದಿಲ್ಲವೆಂದು ಡಾಕ್ಟರು ಬರೆದ ಚೀಟಿಯನ್ನು
ರೆಫರಿ ಓದಲಿಲ್ಲ. ಬೆನ್ನು ಓದಿದ. ಬಾಗಿಲು ತೋರಿಸಿದ.

"ತಾನಾಗಿ ಹೋಗುತ್ತದೆ," ಎಂದೆ.
"ಯಾವಾಗ?"
ಆರು ವಾರ, ಎಂಟು ವಾರ. ದೊಡ್ಡ ಪಂದ್ಯಕ್ಕೆ ಮೂರೇ ವಾರ.
"ಹಾಗಾದರೆ ಜೋರಾದ ಡಬ್ಬಿ ಕೊಡಿ."
ಲಕೋಟೆ ಒಡೆದೆ. ಗಾನ್.

ನೂರಾ ನಾಲ್ಕು. ಮುಂದಿನ ವಾರ ನೂರಾ ಮೂವತ್ತೊಂದು.
ಆನ್ ಡಬ್ಬಿಯ ಟೀಚರಮ್ಮನ ಬೆನ್ನು ಆಗಲೇ ಮಾಸುತ್ತಿತ್ತು,
ಬಾನ್‌ನವರು ಹೊಟ್ಟೆ ಹಿಡಿದುಕೊಂಡು ಬರುತ್ತಿದ್ದರು.
ಊಹಿಸಬಾರದು.
ಊಹಿಸಿದೆ.

ಮೂರನೇ ವಾರ ಅವನ ತಾಯಿ ತ್ಸಿಯಾಲ ಬಂದಳು,
ಕೊರಳಲ್ಲಿ ಹೊಲಿಗೆಯ ಅಳತೆಪಟ್ಟಿ ಹಾಗೇ ನೇತಾಡುತ್ತ.
ಮಗ ಅಂಗಿ ತೊಡುವಾಗ ನನ್ನ ಕಿವಿಯ ಹತ್ತಿರ:
"ಒಂದನ್ನು ಒಡೆದು ನಾಲಿಗೆಗೆ ಇಟ್ಟೆ.
ಮೂವತ್ತು ವರ್ಷ ಮ್ಚಾದಿ ರೊಟ್ಟಿ ತಟ್ಟಿದವಳು ನಾನು,
ಜೋಳದ ಹಿಟ್ಟು ಗೊತ್ತಾಗುವುದಿಲ್ಲವೇ?"
ನಾನು ಪೆನ್ನಿನ ಮುಚ್ಚಳ ಹುಡುಕತೊಡಗಿದೆ.
"ಅವನಿಗೆ ಹೇಳಿಲ್ಲ," ಅಂದಳು. "ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದೇನೆ."

ಪಂದ್ಯ ಅವನಿಲ್ಲದೆ ನಡೆಯಿತು.

ಜನವರಿ ಹದಿನೆಂಟು, ಭಾನುವಾರ. ಕೊನೆಯ ಎಣಿಕೆಗೆ
ನಾನೇ ಅವರ ಮನೆಗೆ ಹೋದೆ. ಅಂಗಳದಲ್ಲಿ
ಹೊಸವರ್ಷದ ಚಿಚಿಲಾಕಿಯನ್ನು ಸುಡುತ್ತಿದ್ದರು:
ಹೇಜಲ್ ಕೊಂಬೆ ಹೆರೆದು ಮಾಡಿದ ಸುರುಳಿ ಸುರುಳಿ ಬಿಳಿ ಮರ,
ಕಳೆದ ವರ್ಷದ ಕೇಡು ಅದರೊಂದಿಗೇ ಉರಿದುಹೋಗುತ್ತದಂತೆ.
ಉಶಂಗಿ ಚಳಿಯಲ್ಲೇ ಅಂಗಿ ಕಳಚಿ ಬೆಂಕಿಗೆ ಬೆನ್ನು ಕೊಟ್ಟ.
ಎಣಿಸಲು ಏನೂ ಇರಲಿಲ್ಲ. ಎರಡು ಸಲ ಎಣಿಸಿದೆ.

"ಗಟ್ಟಿ ಮದ್ದು," ಅಂದ. "ನಿಧಾನ, ಆದರೆ ಬುಡಸಮೇತ ಕಿತ್ತಿತು."
ತ್ಸಿಯಾಲ ಕೋಲಿನಿಂದ ಕೆಂಡ ಕೆದಕಿದಳು.

ಉಳಿದ ಗುಳಿಗೆ ವಾಪಸು ಪಡೆಯಬೇಕು, ಅದು ನಿಯಮ.
ಹನ್ನೆರಡು ಇರಬೇಕಿತ್ತು. ಹನ್ನೊಂದು.
ಕಾರಣದ ಕಾಲಂನಲ್ಲಿ ಬರೆದೆ:
ಕೈಜಾರಿ ನೆಲಕ್ಕೆ ಬಿತ್ತು.