ಎಷ್ಟು ಸೆಂಟು?

ಸುಂಟಿಕೊಪ್ಪದಲ್ಲಿ ಮಳೆ ನಿಂತ ಮರುಗಳಿಗೆ
ಫೋನು ಮಾಡುವವರು ಹಲೋ ಅನ್ನುವುದಿಲ್ಲ.
ಎಷ್ಟು ಸೆಂಟು? ಅನ್ನುತ್ತಾರೆ.
ನಮಗೆ ನಲವತ್ತು. ಗುಡ್ಡದಾಚೆ ಎಪ್ಪತ್ತಂತೆ.
ಪಕ್ಕದ ತೋಟಕ್ಕೆ ಹೆಚ್ಚು ಬಿದ್ದ ಮೂವತ್ತು
ರಾತ್ರಿ ಊಟದ ತನಕ ಗಂಟಲಲ್ಲಿ ಇರುತ್ತದೆ.

ನನ್ನ ಕೆಲಸವೂ ಅಳೆಯುವುದೇ. ಮಳೆಯನ್ನಲ್ಲ,
ಮಳೆಯ ಬಗ್ಗೆ ನಾವು ಬರೆದದ್ದು ಎಲ್ಲೆಲ್ಲಿ ಬಿತ್ತು ಎಂಬುದನ್ನು.
ಸಂಶೋಧನಾ ಕೇಂದ್ರದ ಮಹಡಿ, ಮೂಲೆಯ ಮೇಜು,
ಹನ್ನೊಂದು ತಿಂಗಳ ಗುತ್ತಿಗೆ.
ಲೇಖನ ಒಂದೇ: ಹೂಮಳೆ ನಲವತ್ತು ವರ್ಷದಲ್ಲಿ
ಹದಿನೇಳು ದಿನ ಹಿಂದೆ ಬಿದ್ದಿದೆ, ಕಾಯುತ್ತ ಕೂರಬೇಡಿ,
ಮಾರ್ಚ್ ಹತ್ತರೊಳಗೆ ರೊಬಸ್ಟಾಕ್ಕೆ ನೀರು ಹಾಯಿಸಿ.
ಅದಕ್ಕೆ ಇಲ್ಲಿಯವರೆಗೆ ಬಂದ ಅಂಕ ಇನ್ನೂರ ಹದಿನಾಲ್ಕು.

ಪರದೆಯಲ್ಲೊಂದು ಬಣ್ಣದ ಬಳೆ.
ನೀಲಿ ಅಂದರೆ ಯಾರೋ ಹಂಚಿದರು, ಕೆಂಪು ಅಂದರೆ ಪತ್ರಿಕೆ,
ನೇರಳೆ ಅಂದರೆ ಸರ್ಕಾರ, ಅದು ಉಗುರಿನಷ್ಟು.
ಹಂಚಿದವರಲ್ಲಿ ನಲವತ್ತೊಂದು ಮಂದಿ ಮನುಷ್ಯರೇ ಅಲ್ಲ,
ರಾತ್ರಿ ಮೂರಕ್ಕೆ ಎದ್ದು 'ಹವಾಮಾನ' ಎಂಬ ಪದ ಕಂಡಲ್ಲೆಲ್ಲ
ಕೂಗುವ ಯಂತ್ರದ ಹುಂಜಗಳು.
ಒಬ್ಬರು ಓದದೆ ಬೈದಿದ್ದಾರೆ. ಬೈಗುಳಕ್ಕೂ ಒಂದು ಅಂಕ.
ವಿಯೆಟ್ನಾಂ ಗಾಢವಾಗಿದೆ, ಬ್ರೆಜಿಲ್ ಇನ್ನೂ ಗಾಢ.
ಕೊಡಗಿಗೆ ಬಣ್ಣವಿಲ್ಲ; ಆ ಭೂಪಟಕ್ಕೆ ದೇಶ ಮಾತ್ರ ಗೊತ್ತು.
ನೀತಿಪತ್ರವೊಂದರ ಎಂಬತ್ತೆಂಟನೇ ಪುಟದ ಅಡಿಟಿಪ್ಪಣಿಯಲ್ಲಿ
ನಮ್ಮ ನಿರ್ದೇಶಕರ ಹೆಸರು ತಪ್ಪಾಗಿ ಅಚ್ಚಾಗಿದೆ.
ಅವರು ಆ ಪುಟಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದರು.

ರೈಟರ್ ಐತಪ್ಪನವರ ಹೆಸರು ಎಲ್ಲೂ ಇಲ್ಲ.
ನಲವತ್ತು ವರ್ಷದ ಮಳೆ ಅವರ ಪುಸ್ತಕದ್ದು.
ಬೆಳಿಗ್ಗೆ ಎಂಟಕ್ಕೆ ಕೊಡೆ ಕಂಕುಳಲ್ಲಿ, ತಾಮ್ರದ ಅಳತೆಪಾತ್ರೆಗೆ ಬಗ್ಗಿ,
ಮಗಳ ಮದುವೆಯ ದಿನವೂ:
'ಇಲ್ಲ' ಎಂದು ಬರೆದು, ಕೆಳಗೆ ಸಹಿ.
ಹೋದ ವರ್ಷ ಅವರ ಕೈಗೆ ಲೇಖನ ಕೊಟ್ಟೆ.
ಕನ್ನಡಕ ಸರಿಸಿ, ಕೋಷ್ಟಕದ ಮೇಲೆ ಬೆರಳಾಡಿಸಿ ಅಂದರು,
'ತೊಂಬತ್ತೆರಡರ ಏಪ್ರಿಲ್ ಮೂರು, ಅದು ನಾಲ್ಕು ಸೆಂಟಲ್ಲ. ಆರು.'
ಆರೇ. ಟೈಪಿಸುವಾಗ ನಾನೇ ತಪ್ಪಿದ್ದೆ.
ವಿಯೆಟ್ನಾಮಿನಲ್ಲೂ ಯಾರೂ ಹಿಡಿಯದ ತಪ್ಪು.

ಮಾರ್ಚಿನ ಮೊದಲ ವಾರ.
ಸ್ಪ್ರಿಂಕ್ಲರ್ ಬಾಡಿಗೆಗೆ ಕೊಡುವ ಮೊಯ್ದುಟ್ಟಿಯ ಅಂಗಡಿಯಲ್ಲಿ
ಕ್ಯಾಲೆಂಡರಿನ ಪಕ್ಕ, ಗಮ್ ಟೇಪಿನ ಕೆಳಗೆ, ನಮ್ಮ ಕೋಷ್ಟಕ!
ಜೆರಾಕ್ಸಿನ ಜೆರಾಕ್ಸು, ಅಂಚೆಲ್ಲ ಕಪ್ಪು, ಮೇಲೆ ಬಾಲ್ ಪೆನ್ನಿನಲ್ಲಿ
'ಹತ್ತರೊಳಗೆ. ಅಡ್ವಾನ್ಸ್ ಕೊಟ್ಟವರಿಗೆ ಮೊದಲು.'
ಯಾರು ಕೊಟ್ಟರು ಇದನ್ನು?
'ಯಾರೋ. ಎಲ್ಲರ ಹತ್ತಿರವೂ ಇದೆ ಮೇಡಂ.
ಈ ಸಲ ನನ್ನಲ್ಲಿ ಒಂದು ಪೈಪು ಉಳಿದಿಲ್ಲ.'
ನನ್ನ ಎದೆ ಉಬ್ಬಿತು, ಸುಳ್ಳು ಹೇಳಲಾರೆ.
ಇದಕ್ಕೆ ಯಾವ ಬಣ್ಣ? ಬಳೆಯಲ್ಲಿ ಜಾಗವಿರಲಿಲ್ಲ.

ಸಂಜೆ ಹೊಳೆಗೆ ಇಳಿದೆ.
ದಡದುದ್ದಕ್ಕೂ ಡೀಸೆಲ್ ಪಂಪುಗಳು, ಹದಿನಾರು ಎಣಿಸಿ ಬಿಟ್ಟೆ.
ಅವಕ್ಕೆಲ್ಲ ಒಂದೇ ವಾರ, ನಾವು ಹೇಳಿದ ವಾರ.
ಮೇಲೆ ರೊಬಸ್ಟಾ ನೆನೆದು ನಿಂತಿದೆ, ಇನ್ನು ಒಂಬತ್ತು ದಿನಕ್ಕೆ
ಗುಡ್ಡವೆಲ್ಲ ಬಿಳಿಯಾಗಿ ತಲೆ ಸುತ್ತುವಷ್ಟು ಘಮ.
ಕೆಳಗೆ, ಬಟ್ಟೆ ಒಗೆಯುವ ಬಂಡೆಯ ಮೈಮೇಲೆ
ನೀರು ನಿಂತಿದ್ದ ಗೆರೆಯ ಪಾಚಿ ಇನ್ನೂ ಒಣಗಿಲ್ಲ;
ನೀರು ಮಾತ್ರ ಒಂದೂವರೆ ಗೇಣು ಕೆಳಗೆ.
ಲೈನ್ ಮನೆಯ ಬೊಳ್ಳಿ, ಕೊಡ ಮುಳುಗದ್ದಕ್ಕೆ,
ತೆಂಗಿನ ಚಿಪ್ಪಿನಲ್ಲಿ ಮೊಗೆ ಮೊಗೆದು ತುಂಬಿಸುತ್ತಿದ್ದಳು.
ಎಷ್ಟು ಚಿಪ್ಪಾಗುತ್ತದೆ? ಕೇಳಿಬಿಟ್ಟೆ, ಅಭ್ಯಾಸಬಲ.
'ನೀವೇ ಎಣಿಸಿ' ಅಂದಳು, ಕೈ ನಿಲ್ಲಿಸದೆ.

ರಾತ್ರಿ, ವಾರ್ಷಿಕ ವರದಿಯ ಕಡೆಯ ಖಾನೆ: ಇತರೆ ಪ್ರಭಾವ.
'ಹೊಳೆ, ಒಂದೂವರೆ ಗೇಣು' ಎಂದು ತುಂಬಿದೆ.
ಖಾನೆ ಕೆಂಪಗಾಯಿತು: ಅಂಕಿ ಮಾತ್ರ ನಮೂದಿಸಿ.
ಇಂಚಿನ ಲೆಕ್ಕ ಹಾಕಿ ಹದಿಮೂರು ಎಂದೆ.
ಹಸಿರು ಗುರುತು ಬಂತು.
ಯಾವುದರ ಹದಿಮೂರು ಎಂದು ಕೇಳದೆ
ತಾನೇ ಕೂಡಿಕೊಂಡಿತು:
ಇನ್ನೂರ ಇಪ್ಪತ್ತೇಳು.