ಪಕಾರಕ್ಕೆ ಬಕಾರ

ನಾವು ಬಳಪದಲ್ಲಿ ಬರೆಯುತ್ತಿದ್ದ ಸ್ಲೇಟನ್ನೇ
ಮಾಡಿಗೆ ಹೊದಿಸಿದ ಕಟ್ಟಡ. ಬ್ಯಾಂಗರಿನ ಮೇಲೂರು.
ಮೂರನೆ ಮಹಡಿಯಲ್ಲಿ ಹೀಟರು ಕೆಮ್ಮುತ್ತದೆ.
ಇಲ್ಲಿ ನನಗೆ ಸಂಬಳ, ಮೌನ ಅಳೆಯಲಿಕ್ಕೆ.

ವೆಲ್ಷ್ ಕಲಿಯುವ ನರ್ಸಿಂಗ್ ವಿದ್ಯಾರ್ಥಿಗಳು
ಪದಕ್ಕೂ ಪದಕ್ಕೂ ನಡುವೆ ಎಷ್ಟು ತಡವರಿಸಿದರು ಎಂದು
ಗೆರೆ ಸಪಾಟಾದಲ್ಲಿ ಒಂದು ಗೂಟ ನೆಟ್ಟು,
ಮತ್ತೆ ಏಳುವಲ್ಲಿ ಇನ್ನೊಂದು ನೆಟ್ಟು,
ನಡುವಿನ ಬಯಲನ್ನು ಸೆಕೆಂಡಿನ ಸಾವಿರದ ಲೆಕ್ಕದಲ್ಲಿ ಬರೆಯಬೇಕು.
ಕಾಲು ಸೆಕೆಂಡಿಗಿಂತ ಕಡಿಮೆಯಿದ್ದರೆ
ಅದು ಬರಿಯ ಉಸಿರು, ಲೆಕ್ಕಕ್ಕಿಲ್ಲ.

ಹದಿನೇಳನೆಯವಳ ಹೆಸರು ಹೇಳಕೂಡದು, ನೀತಿ ಸಮಿತಿಯ ಅಪ್ಪಣೆ.
ಹೋದಾನ್ ಎಂಬುದು ನಾನೇ ಇಟ್ಟದ್ದು.
ಕಾರ್ಡಿಫಿನ ಬಂದರುಕೇರಿಯವಳು; ಮನೆಯಲ್ಲಿ ಸೋಮಾಲಿ,
ಬಸ್ಸಿನಲ್ಲಿ ಇಂಗ್ಲಿಷು, ವಾರ್ಡಿನಲ್ಲಿ ಈಗ ಇದು.
ಮರೆವು ಹತ್ತಿದ ಮುದುಕರು ಆಮೇಲೆ ಕಲಿತದ್ದನ್ನು ಮೊದಲು ಮರೆಯುತ್ತಾರಂತೆ,
ತೊಟ್ಟಿಲ ಮಾತು ಕಡೆಗೆ.

"ಬ್ಲೇ ಮೈರ್..." ನೋವೆಲ್ಲಿ ಎಂದು ಕೇಳುವ ಪಾಠ.
ಅಲ್ಲಿ ಒಂದು ಹಳ್ಳ. ಒಂದು ಸೆಕೆಂಡು ಮುನ್ನೂರ ಎಂಬತ್ತು.
ಪೊಯ್ನ್ ಎಂದರೆ ನೋವು. ಆದರೆ ಇಲ್ಲಿ ಹಾಗನ್ನಬಾರದು;
ಹಿಂದಿನ ಪದ ತಾಗಿ ಪಕಾರ ಕರಗಬೇಕು: ಬೊಯ್ನ್.
ಅವಳು ಆಚೆ ದಡ ಹತ್ತುವುದು ಪಕಾರದಲ್ಲೇ.
ನಾನು ಸೊನ್ನೆ ಹಾಕುತ್ತೇನೆ.

ಸೊನ್ನೆ ಹಾಕುವ ಈ ಕೈ ಯಾರದು?
ಸಿಂಧನೂರು, ಎಂಟನೆ ಬಿ ಸೆಕ್ಷನ್ನು, ಉರ್ದು ಮನೆಯ ಹುಡುಗಿ.
ರುದ್ರಾಣಮ್ಮ ಟೀಚರ್ ಡಸ್ಟರಿನಿಂದ ಮೇಜು ಬಡಿಯುತ್ತ
ಕತಪಗಳಿಗೆ ಗದಬ, ಕತಪಗಳಿಗೆ ಗದಬ.
ಮಳೆಗಾಲ. ಬೆಟ್ಟದಾವರೆ.
ನಾನು ಎದ್ದು ಕಣ್‌ಪನಿ ಎಂದೆ. ಕ್ಲಾಸು ನಕ್ಕಿತು.
ಕನ್ನಡ ನನಗೂ ಎರಡನೆಯದು;
ಎಲ್ಲಿ ಮೆತ್ತಗಾಗಬೇಕೆಂದು ಅಮ್ಮೀಗೂ ಗೊತ್ತಿರಲಿಲ್ಲ.

ಐದು ಸಾವಿರ ಮೈಲಿ ಆಚೆ ಅದೇ ಕತಪ, ಅದೇ ಗದಬ,
ನೆಂಟಸ್ತನವೇ ಇಲ್ಲದ ಎರಡು ಮನೆಗಳಲ್ಲಿ
ಒಂದೇ ಬಾಗಿಲು ಕಿರುಗುಟ್ಟಿದ ಹಾಗೆ.
ಡಾಕ್ಟರ್ ಎಲೇರಿಗೆ ಹೇಳಿದೆ.
ಚೆನ್ನಾಗಿದೆ, ಅಂದರು, ಅಡಿಟಿಪ್ಪಣಿಗೆ ಹಾಕೋಣ.
ಕಿಟಕಿಯಾಚೆ ಮೆನಾಯ್ ಜಲಸಂಧಿ
ಇಳಿತಕ್ಕೆ ತನ್ನ ಕೆಸರು ತೋರಿಸುತ್ತಿತ್ತು.

ಎಂಟು ವಾರ ಕಳೆದು ಮರುಪರೀಕ್ಷೆ.
ಬ್ಲೇ ಮೈರ್ ಪೊಯ್ನ್?
ಹಳ್ಳವಿಲ್ಲ. ಗೆರೆ ಎಲ್ಲೂ ಸಪಾಟಾಗಲಿಲ್ಲ.
ನೀರು ಕುಡಿದಷ್ಟು ಸಲೀಸು, ಮತ್ತೆ ತಪ್ಪು.

ಮೈಕು ಆರಿಸಿದ ಮೇಲೆ ಹೇಳಿದಳು:
ಬೊಯ್ನ್ ಗೊತ್ತು. ಐದನೆ ವಾರದಿಂದಲೇ ಗೊತ್ತು.
ನಾಲ್ಕನೆ ಹಾಸಿಗೆಯಲ್ಲಿ ಸ್ಲೇಟುಗಣಿಯ ಮುದುಕನೊಬ್ಬ,
ಸರಿಯಾಗಿ ಕೇಳಿದರೆ ಗೋಡೆ ನೋಡುತ್ತಾನೆ.
ತಪ್ಪಾಗಿ ಕೇಳಿದರೆ ಎದ್ದು ಕೂರುತ್ತಾನೆ.
"ಬೊಯ್ನ್! ಬೊಯ್ನ್, ಹುಡುಗೀ!"
ತಿದ್ದುವ ಭರದಲ್ಲಿ ಬಾಯಿ ತೆರೆಯುತ್ತದೆ,
ಆಗ ಗುಳಿಗೆ, ಆಗಲೇ ಎರಡು ಚಮಚ ಗಂಜಿ.
ಆಮೇಲೆ, ಕೇಳಿದ್ದಕ್ಕೂ ಉತ್ತರ: ಎಡಭುಜ.
ನಾಲಗೆಗೆ ಅದೇ ರೂಢಿಯಾಗಿಬಿಟ್ಟಿದೆ. ಸಾರಿ.

ಎಲೇರಿ ಕನ್ನಡಕ ಒರೆಸಿಕೊಂಡರು. ತುಂಬ ಹೊತ್ತು ಒರೆಸಿದರು.
ಹದಿನೇಳನ್ನು ಹೊರಗಿಡು, ಅಳತೆ ಕೆಡುತ್ತದೆ.
ಹೊರಗಿಟ್ಟೆ. ನಲವತ್ತೊಂದು ಜನ ನಲವತ್ತಾದರು.
ಸರಾಸರಿ ಸ್ವಲ್ಪ ಚೆಂದವಾಯಿತು.

ಸಂಜೆ ಪಿಯರಿನ ಹಲಗೆಗಳ ಮೇಲೆ ನಡೆಯುತ್ತ ಅಮ್ಮೀಗೆ ಫೋನು.
ಯಾವಾಗಲೂ ಠೀಕ್ ಠೀಕ್ ಎಂದು ಇಟ್ಟುಬಿಡುವವಳು.
ಮಂಡಿನೋವು ಹೇಗಿದೆ ಎನ್ನುವಾಗ ಬೇಕೆಂದೇ ಲಿಂಗ ಕೆಡಿಸಿದೆ:
ದರ್ದ್ ಕೈಸೀ ಹೈ?
ಎರಡು ಸೆಕೆಂಡು ಗಾಳಿಯಷ್ಟೆ.
"ಕೈಸಾ! ಅಷ್ಟು ದೂರ ಹೋಗಿ ಇದನ್ನೂ ಮರೆತೆಯಾ?"
ಬೈದಳು, ಬೈಯುತ್ತ ಬೈಯುತ್ತ
ಮಂಡಿಯ ಸುದ್ದಿಗೆ ಬಂದಳು.