ಇನ್ನೆರಡು ಮಳೆ

ಮೊದಲ ವರ್ಷ ನಾನು ತಪ್ಪು ಹೇಳಿದೆ.
ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು,
ಕೇರಿಯಲ್ಲಿ ಹೇಗೂ ಎಲ್ಲರಿಗೂ ಗೊತ್ತು.
ಆರಿದ್ರಾ ಹಿಡಿದ ನಾಲ್ಕನೇ ದಿನ
ಗಜನಿಯ ಮಣ್ಣು ಚಿಟಿಕೆಯಷ್ಟು ನಾಲಿಗೆಗಿಟ್ಟು
"ಉಪ್ಪು ಹೋಯ್ತು, ಬಿತ್ತಿ" ಎಂದೆ.
ಮೂವತ್ತೆರಡು ಮನೆಯವರು ಬಿತ್ತಿದರು.
ಇಲ್ಲಿ ಒಬ್ಬ ಬಿತ್ತಿ ಒಬ್ಬ ಬಿಡುವ ಹಾಗಿಲ್ಲ,
ಗದ್ದೆ ಹಲವು, ಜಂತ್ರಡಿ ಒಂದೇ.

ಮೊಳಕೆ ಬಂದ ಕಗ್ಗ, ಹನ್ನೊಂದು ಮುಡಿ,
ಒಂದು ವಾರಕ್ಕೆ ತುದಿ ಕೆಂಪಾಗಿ
ಇನ್ನೊಂದು ವಾರಕ್ಕೆ ಬೀಡಿಬೂದಿಯ ಬಣ್ಣಕ್ಕೆ ತಿರುಗಿತು.
ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಬೇಡು ಗೌಡನ ಹೆಂಡತಿ ಮಾತ್ರ ಮೀನು ಕೊಯ್ಯುತ್ತ
ಮೆಟ್ಟುಗತ್ತಿಗೆ ಹೇಳುವಂತೆ ಹೇಳಿದಳು:
"ನಾಲ್ಗಿಗೂ ವಯಸ್ಸಾಗ್ಬೇಕು."

ಪೊಕ್ಕಜ್ಜನ ನಾಲಿಗೆ ನಲವತ್ತು ಮಳೆಗಾಲ ತಪ್ಪಿರಲಿಲ್ಲ.
ಕಟ್ಟಿನ ಮೇಲೆ ಕೂತು, ಕವಳ ಉಗುಳಿ, ಬಾಯಿ ತೊಳೆದು
ಮೂರು ಕಡೆಯ ಮಣ್ಣು ತಿನ್ನುತ್ತಿದ್ದ:
ಗುಡ್ಡದ ಬುಡದ್ದು, ನಡುವಿನದು, ಹೊಳೆಬದಿಯದು.
ಮೇಲಿನ ಮಣ್ಣು ಮಳೆಯ ಮಾತಿಗೆ ಬೇಗ ಮರುಳಾಗ್ತದೆ,
ಮೊಣಕೈವರೆಗೆ ತೋಡಿ ಕೇಳು, ಅನ್ನುತ್ತಿದ್ದ.
ನಾನು ತೋಡಿರಲಿಲ್ಲ.
ಅವಸರ. ಅಷ್ಟೇ.

ಜಂತ್ರಡಿಯ ಕೆಲಸ ಹೇಳಲು ಸುಲಭ.
ಇಳಿತಕ್ಕೆ ತೆರೆ, ಭರತಕ್ಕೆ ಮುಚ್ಚು.
ಮಳೆನೀರು ಉಪ್ಪು ಹೊತ್ತು ಹೊರಗೆ ಹೋಗಲಿ,
ಹೋದದ್ದನ್ನು ಅಘನಾಶಿನಿ ವಾಪಸು ತರದಿರಲಿ.
ಆದರೆ ಭರತ ದಿನಕ್ಕೆ ಮುಕ್ಕಾಲು ಗಂಟೆ ಜಾರುತ್ತದೆ,
ಅದರ ಹಿಂದೆ ನನ್ನ ನಿದ್ದೆ.
ರಾತ್ರಿ ಒಂದೂವರೆಗೆ ಬ್ಯಾಟರಿ ಹಲ್ಲಲ್ಲಿ ಕಚ್ಚಿ
ಹಲಗೆ ಇಳಿಸುತ್ತೇನೆ, ಸಂದಿಗೆ ಹುಲ್ಲು, ಜೇಡಿ ತುರುಕುತ್ತೇನೆ,
ಅಂಗಾಲಲ್ಲಿ ಹುಡುಕುತ್ತೇನೆ ಏಡಿಯ ಬಿಲ.
ಹೋದ ವರ್ಷ ಸಂಜೆ ಅದು ಹೆಬ್ಬೆರಳಷ್ಟಿತ್ತು,
ಬೆಳಗಾಗುವಾಗ ದೋಣಿ ಹೋಗುವಷ್ಟು.

ಈ ವರ್ಷ ಅಜ್ಜನ ಎಡಮಗ್ಗುಲು ಬಿದ್ದಿದೆ. ಮಾತಿಲ್ಲ.
ಆರಿದ್ರಾ ಮುಗಿಯುತ್ತ ಬಂದಾಗ
ಕೃಷಿ ಇಲಾಖೆಯ ಹುಡುಗ ಪೆನ್ನಿನಂಥ ಮೀಟರು ತಂದ.
ನಾನು ತೋಡಿದೆ, ಅವನು ಅದ್ದಿದ,
"ಐದು ಚಿಲ್ಲರೆ" ಎಂದ.
ಕಗ್ಗಕ್ಕೆ ಎಷ್ಟು ನಡೀತದೆ, ಕೇಳಿದೆ.
ಪುಸ್ತಕದ ಹಾಳೆ ಎರಡು ಸಲ ತಿರುಗಿಸಿದ.
ಜಯ ಇತ್ತು, ಐಆರ್ ಅರವತ್ತನಾಲ್ಕು ಇತ್ತು.
ಕಗ್ಗ ಇರಲಿಲ್ಲ.
ಒಳ್ಳೆಯ ಹುಡುಗ, ತಾನೇ ನಾಚಿಕೊಂಡ,
ನಮ್ಮ ಮಣ್ಣನ್ನು ಪೊಟ್ಟಣ ಕಟ್ಟಿ
ಊರಿನ ಹೆಸರು ಬರೆದುಕೊಂಡು ಹೋದ.

ಉಳಿದ ಮುದ್ದೆಯನ್ನು ಕೆಸುವಿನ ಎಲೆಯಲ್ಲಿಟ್ಟು
ಅಜ್ಜನ ಹತ್ತಿರ ಒಯ್ದೆ.
ಹಿಂದೆಯೇ ಬಂದವರು ಮೆಟ್ಟಿಲ ಕೆಳಗೆ ನಿಂತರು.
ಬಲಗಡೆಯ ಅರ್ಧ ಬಾಯಿ ತೆರೆಯಿತು.
ಸಣ್ಣದೊಂದು ಉಂಡೆ ನಾಲಿಗೆಯ ಮೇಲಿಟ್ಟೆ.
ಕಣ್ಣು ಮುಚ್ಚಿದ. ದವಡೆ ಮೆಲ್ಲಗೆ ಆಡಿತು.
ಒಂದು ಬೆರಳೆತ್ತುತ್ತಾನೋ, ಎರಡೋ,
ಅವನ ಕೈಯನ್ನೇ ನೋಡಿದೆ.

ನುಂಗಿಬಿಟ್ಟ.
ಮತ್ತೆ ಬಾಯಿ ತೆರೆದ,
ಗಂಜಿಗೆ ತೆರೆಯುವ ಹಾಗೆ.

ಅವನ ತುಟಿ ಒರೆಸಿ
ಎಲೆಯಲ್ಲಿದ್ದದ್ದನ್ನು ನಾನೇ ತಿಂದೆ.
ಮೊದಲು ಕೊಳೆತ ಹುಲ್ಲು, ಆಮೇಲೆ ಕಬ್ಬಿಣ,
ಆಮೇಲೆ ಬಹಳ ಹೊತ್ತು ಏನೂ ಇಲ್ಲ;
ನಾಲಿಗೆಯ ಅಂಚಿನಲ್ಲಿ, ಇದೆಯೋ ಇಲ್ಲವೋ ಎಂಬಂತೆ,
ಸಾರು ಮುಗಿದ ಬಟ್ಟಲಿನಷ್ಟು ಉಪ್ಪು.

"ಇನ್ನೆರಡು ಮಳೆ" ಎಂದೆ.

ಬೀಜ ಆಗಲೇ ನೆನೆದಿತ್ತು, ಮೊಳಕೆ ಕಾಯುವುದಿಲ್ಲ,
ಅದು ಅವರಿಗೂ ಗೊತ್ತು, ನನಗೂ ಗೊತ್ತು.
ಬೇಡುವಿನ ಹೆಂಡತಿ ಏನೂ ಅನ್ನಲಿಲ್ಲ.
ಮನೆಗೆ ಹೋಗಿ ಮೂಟೆಯ ಮೇಲಿನ ಕಲ್ಲು ತೆಗೆದು
ಕಾವು ಇಳಿಯಲೆಂದು ಕಗ್ಗವನ್ನು ಜಗುಲಿಯ ನೆರಳಿಗೆ
ತೆಳ್ಳಗೆ ಹರವಿದಳು. ಒಬ್ಬೊಬ್ಬರಾಗಿ ಉಳಿದವರೂ.

ಭರತಕ್ಕೆ ಇನ್ನೂ ಹೊತ್ತಿತ್ತು.
ಜಂತ್ರಡಿಯಲ್ಲಿ ಕಂದು ನೀರು ಹೊರಗೆ ಓಡುತ್ತಿತ್ತು,
ಉಪ್ಪಿನ ಜೊತೆ ಗುಡ್ಡದ ಮಣ್ಣೂ.
ಬಾಯಿಗೆ ಅಡ್ಡ ಕಾಂಡ್ಲದ ಟೊಂಗೆ ಕಟ್ಟಿ,
ಸಿಕ್ಕಿಕೊಂಡಷ್ಟು ಕೆಸರನ್ನು ಬುಟ್ಟಿಗೆ ಬಳಿದು
ತಿರುಗಿ ಕಟ್ಟಿನ ಮೇಲೆ ಸುರಿಯುತ್ತ ನಿಂತೆ.
ಬಾಯಲ್ಲಿ ಇನ್ನೂ ಅದೇ ರುಚಿ.